ಪೆತ್ರೊನಿಲ್ಲಾಳ ಹಳದಿ ನಿಲುವಂಗಿ

ರೊಕ್ಕಾಫಿಯೋರೆ, ಸಿಯೆನಾ ಸೀಮೆ
ದ್ರಾಕ್ಷಿ ಕೊಯ್ಲು ಮುಗಿದ ಗುರುವಾರ, ಪ್ರಭುವಿನ ವರ್ಷ 1337

ಫಿನಾಳ ಅಪ್ಪನವರಿಗೆ ನಿಮ್ಮ ತೆಸ್ಸಾ ಮಾಡುವ ವಂದನೆಗಳು.

ನಿಮ್ಮ ಸೊಂಟನೋವು ಹೇಗಿದೆ? ಅರೆತ್ಸೊದಲ್ಲಿ ದಿನವಿಡೀ ಹಸಿ ಗೋಡೆಯ ಎದುರು ನಿಂತು ಬಣ್ಣ ಹಚ್ಚುತ್ತೀರಿ, ಎದೆಗೆ ಉಣ್ಣೆ ಬಟ್ಟೆ ಸುತ್ತಿಕೊಳ್ಳಿ. ನಾವಿಲ್ಲಿ ಕ್ಷೇಮ. ಫಿನಾಳಿಗೆ ನಿನ್ನೆಯಿಂದ ಸ್ವಲ್ಪ ಮೈ ಬಿಸಿ, ಗಾಬರಿಯಾಗುವಂಥದ್ದೇನಲ್ಲ. ಬಾರ್ಲಿ ಗಂಜಿ ಕುಡಿದು ಒಳಗೆ ಮಲಗಿದ್ದಾಳೆ. ನಿಮ್ಮ ತಾಯಿಯವರೂ ಚೆನ್ನಾಗಿದ್ದಾರೆ, ಬಾಯಂತೂ ಬಹಳ ಚೆನ್ನಾಗಿದೆ.

ಇನ್ನು ನಮ್ಮೂರ ಇಗರ್ಜಿಗೆ ನೀವು ಹಲಗೆಯ ಮೇಲೆ ಬರೆದುಕೊಟ್ಟ ಸಂತ ಪೆತ್ರೊನಿಲ್ಲಾಳ ಚಿತ್ರದ ಸಮಾಚಾರ. ಬರೆಯಲು ಕೈಗೂ ಹೇಸಿಗೆ. ಜ್ವರ ಬಿಡಿಸುವ ತಾಯಿಯೆಂದು ಜನ ಅವಳ ಮುಂದೆ ಮೇಣದ ಬತ್ತಿ ಹಚ್ಚಿ ಹೋಗುತ್ತಿದ್ದರಲ್ಲ, ಈಗ ಅಷ್ಟು ಸಾಲದು. ಈ ಬೇಸಿಗೆಯಲ್ಲಿ ರೊಟ್ಟಿ ಸುಡುವ ಚೇಕ್ಕೊನ ಹೆಂಡತಿ ಚಿತ್ರದ ನಿಲುವಂಗಿಯಿಂದ ಚೂರು ಹಳದಿ ಬಣ್ಣ ಕೆರೆದು ವೈನಿನಲ್ಲಿ ಕಲಸಿ ಕುಡಿದಳು, ಜ್ವರ ಇಳಿಯಿತು. ತಾನಾಗಿ ಇಳಿಯುವ ಜ್ವರವೇ ಆಗಿತ್ತು ಅದು. ಅಂದಿನಿಂದ ಉಗುರಿನಲ್ಲಿ ಕೆರೆಯುವವರೆಷ್ಟು, ಚಾಕುವಿನಲ್ಲಿ ಕೆರೆಯುವವರೆಷ್ಟು! ಕೆಲವರು ನಾಲಿಗೆಯಿಂದಲೇ ನೆಕ್ಕುತ್ತಾರೆ. ಒಬ್ಬ ಹುಣ್ಣಿನ ಬಾಯಿ ಇಟ್ಟ ಜಾಗದಲ್ಲೇ ಇನ್ನೊಬ್ಬ ಬಾಯಿ ಇಡುತ್ತಾನೆ. ಮೊಣಕಾಲಿನಿಂದ ಕೆಳಗೆ ನಿಲುವಂಗಿಯೇ ಇಲ್ಲ. ಹಲಗೆ ಎಂಜಲಿನಿಂದ ಕಪ್ಪಾಗಿ ನಾರುತ್ತಿದೆ. ನೀವು ಇಡೀ ಚಳಿಗಾಲ ಕೂತು ಬರೆದ ನಿರಿಗೆಗಳನ್ನು ಹಂದಿ ಮೇಯ್ದ ಹಾಗೆ ಮೇಯ್ದುಬಿಟ್ಟರು. ಕಮ್ಮಾರನ ತಾಯಿ ಅದನ್ನು ಕುಡಿದು ಇಗರ್ಜಿಯ ಮೆಟ್ಟಿಲ ಮೇಲೆ ವಾಂತಿ ಮಾಡಿದಳು. ಸುಣ್ಣ, ಅಂಟು, ಊರವರೆಲ್ಲರ ಉಗುಳು ಕುಡಿದರೆ ಯಾರಿಗೆ ವಾಂತಿಯಾಗುವುದಿಲ್ಲ? "ರೋಗ ಹೊರಗ್ ಬಂತು!" ಎಂದು ಗಂಟೆ ಬಾರಿಸಿದರು. ಆ ವಾಂತಿಯ ಸುತ್ತ ಜನ ಮೊಣಕಾಲೂರಿ ಕೂತದ್ದನ್ನು ಕಣ್ಣಾರೆ ಕಂಡೆ.

ಪಾದ್ರಿ ದೊನ್ ಬೀಂದೊ ತಡೆಯಬೇಕಲ್ಲವೇ? "ಸ್ವಾಮಿ, ಅದರಲ್ಲಿ ಪಾಷಾಣದ ಹಳದಿ ಇದೆ, ಬಣ್ಣ ಅರೆಯೋ ಕಲ್ಲು ನೆಕ್ಕಿ ನಮ್ಮನೆ ಬೆಕ್ಕೇ ಸತ್ತಿತ್ತು" ಎಂದೆ. "ಬೆಕ್ಕಿಗೆ ಭಕ್ತಿ ಎಲ್ಲಿತ್ತಮ್ಮಾ?" ಎಂದ ಆ ಮಹಾರಾಯ, ಭಕ್ತರು ತಂದ ಮೊಟ್ಟೆಗಳನ್ನು ಬುಟ್ಟಿಗಿಳಿಸುತ್ತಾ. ಥೂ!

ಪಾಷಾಣ ಇದೆ ಎಂದು ನಾನು ಹೇಳಿದ್ದು ನಿಮ್ಮ ಆಣೆಯ ಮೇಲಿನ ನಂಬಿಕೆಯಿಂದ. ಪೆತ್ರೊನಿಲ್ಲಾಳಿಗೂ ಮುಂಚೆ ಬರೆದ ಚಿತ್ರದಲ್ಲಿ, ಬಂಗಾರದಂತೆ ಹೊಳೆಯುವ ಪಾಷಾಣದ ಹಳದಿ ಹಚ್ಚುತ್ತೇನೆಂದು ಒಪ್ಪಿ, ಹೊಳೆದಂಡೆಯ ಹಳದಿ ಮಣ್ಣು ಬಳಿದು ಬಂದಿದ್ದಿರಿ. ನಾನು ಜಗಳವಾಡಿ, ಇನ್ನು ಸಂತರ ಬಟ್ಟೆಯಲ್ಲಿ ಮೋಸ ಮಾಡುವುದಿಲ್ಲವೆಂದು ಫಿನಾಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದೆ. ಪೆತ್ರೊನಿಲ್ಲಾಳನ್ನು ನೀವು ಇಗರ್ಜಿಯಲ್ಲೇ ಕೂತು ಬರೆದಿರಿ. ಯಾವ ಹಳದಿ ಅರೆದಿರೋ ನಾನು ನೋಡಲಿಲ್ಲ. ನಿಮ್ಮ ತಾಯಿಗೂ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರದ್ದು ಒಂದೇ ರಾಗ: "ನನ್ನ ಮಗನ ಕೈ ಔಷಧಿ ಊರಿಗೆಲ್ಲ ಹಂಚ್ತಾರೆ, ನನ್ನ ಮೊಮ್ಮಗಳಿಗೆ ಮಾತ್ರ ಇಲ್ವಂತೆ!" ಖಂಡಿತ ಬೇಡವೆಂದಿದ್ದೇನೆ.

ಬೇಗ ಕೆಲಸ ಮುಗಿಸಿ ಬನ್ನಿ. ಆ ಚಿತ್ರವನ್ನು ಇಳಿಸಿ ಮನೆಗೆ ತರೋಣ. ದೇವಮಾತೆ ನಿಮ್ಮ ಕೈಕಾಲು ಗಟ್ಟಿಯಾಗಿಡಲಿ. ಜೊತೆಯ ಕೆಲಸಗಾರರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ತೆಸ್ಸಾ

ವಿ.ಸೂ.: ಕಾಗದ ಮಡಿಸುವಾಗ ಅತ್ತೆ ಬಂದು ಎದುರಿಗೆ ಕೂತರು. ಅವರ ಉಗುರಿನ ಸಂದಿಯಲ್ಲಿ ಹಳದಿ. ನಾನಿಲ್ಲಿ ಬರೆಯುತ್ತಾ ಕೂತಿದ್ದಾಗ ಮಗುವಿಗೆ ಕುಡಿಸಿಬಿಟ್ಟಿದ್ದಾರೆ. "ನಿನ್ ಗಂಡ ಬರ್ದಿದ್ದೇ ಅಲ್ವೇನೇ, ಅದ್ಯಾಕೆ ಹಂಗ್ ನೋಡ್ತೀಯಾ?" ಅನ್ನುತ್ತಾರೆ. ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದೆ. ಇನ್ನೂ ಕಕ್ಕುತ್ತಲೇ ಇದ್ದಾಳೆ, ಹಾಲೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಕಾಗದ ಒಯ್ಯುವ ಹೇಸರಗತ್ತೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಯಾವ ಹಳದಿ ಎಂದು ಅವನ ಕೈಯಲ್ಲೇ ಬರೆದು ಕಳಿಸಿ. ಆಣೆ ಮುರಿದು ಮಣ್ಣು ಬಳಿದಿದ್ದರೆ ನಿಮ್ಮ ಕಾಲಿಗೆ ಬೀಳುತ್ತೇನೆ. ಮೋಸ ಮಾಡಿದ್ದೇನೆ ಅಂತ ಒಂದು ಮಾತು ಬರೆಯಿರಿ.