ಆ ಕ್ಯಾಪ್ಸೂಲಿನೊಳಗೆ ಏನಿತ್ತು, ಹೇಳಿಬಿಡಿ

ಔಷಧ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಎರಡನೇ ಮಹಡಿಯ ಕಬ್ಬಿಣದ ಬೀರುವಿನಲ್ಲಿ ಒಂದು ಕಾಗದವಿದೆ. ಕೂದಲು ಬೆಳೆಸುತ್ತದೆಂದು ನಾನು ನನ್ನ ಅಂಗಡಿಯಲ್ಲಿ ಮಾರಿದ ಕ್ಯಾಪ್ಸೂಲಿನೊಳಗೆ ನಿಜವಾಗಿ ಏನಿತ್ತು ಎಂದು ಅದರಲ್ಲಿ ಬರೆದಿದೆ. ಆ ಕಾಗದವನ್ನು ನೀವು ನನಗೆ ಕೊಡುತ್ತಿಲ್ಲ. ಕೊಡದಿದ್ದರೆ ನನ್ನ ಅಕ್ಕನ ಗಂಡ ಸಾಯಬಹುದು. ವಿಷಯ ಇಷ್ಟೇ. ಹದಿನೇಳು ವಾರದಿಂದ ನಿಮ್ಮ ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಸವೆದದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲವಾದ್ದರಿಂದ, ಈಗ ಊರೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಕ್ಷೌರಿಕ. ಬೂಟು ರಿಪೇರಿಯವನ ಮತ್ತು ಝೆರಾಕ್ಸ್ ಅಂಗಡಿಯ ನಡುವೆ ಎರಡು ಕುರ್ಚಿಯ ಅಂಗಡಿ, ಮೂವತ್ತೊಂದು ವರ್ಷವಾಯಿತು. ಗಂಡಸಿನ ಕೂದಲು ಉದುರುವುದನ್ನು ಅವನ ಹೆಂಡತಿಗಿಂತ ಮೊದಲು, ಅವನಿಗಿಂತಲೂ ಮೊದಲು ನೋಡುವವನು ನಾನೇ. ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತವೆ, ಆಮೇಲೆ ನೆತ್ತಿಯಲ್ಲಿ ಬಿಲ್ಲೆಯಷ್ಟಗಲ ಜಾಗ ತೆಳುವಾಗುತ್ತದೆ. ಇದು ಗೊತ್ತಾದ ಮೇಲೆ ನಮ್ಮ ಕಸುಬಿನವರು ಒಂದು ಕೆಲಸ ಮಾಡುತ್ತೇವೆ. ಕತ್ತರಿಸಿ ಮುಗಿದ ಮೇಲೆ ತಲೆಯ ಹಿಂದೆ ಸಣ್ಣ ಕನ್ನಡಿ ಹಿಡಿದು ತೋರಿಸುತ್ತೇವಲ್ಲ, ಅದನ್ನು ಬೆರಳಷ್ಟು ಕೆಳಕ್ಕೆ ಬಾಗಿಸುತ್ತೇವೆ. ಗಿರಾಕಿಗೆ ಕತ್ತು ಕಾಣುತ್ತದೆ, ನೆತ್ತಿ ಕಾಣುವುದಿಲ್ಲ. ಯಾರೂ ಕಲಿಸಿಕೊಟ್ಟದ್ದಲ್ಲ, ಎಲ್ಲರೂ ಮಾಡುತ್ತೇವೆ. ನನ್ನ ಭಾವನಿಗೆ ನಾನು ಒಂಬತ್ತು ವರ್ಷ ಹೀಗೇ ಮಾಡಿದೆ. ಪ್ರೀತಿಯಿಂದಲೇ ಮಾಡಿದೆ.

ಭಾವ ಹಳೆಯ ದಾಖಲೆಗಳ ಕಚೇರಿಯಲ್ಲಿ ಕೆಲಸದಲ್ಲಿದ್ದಾರೆ, ನಿವೃತ್ತಿಗೆ ಎರಡು ವರ್ಷ ಬಾಕಿ. ಹೋದ ವರ್ಷ ಅವರ ಕಚೇರಿಯ ಬಾಗಿಲಲ್ಲಿ ಕ್ಯಾಮೆರಾ ಹಾಕಿದರು, ಕಾವಲುಗಾರನ ಮೇಜಿನ ಮೇಲೆ ಪರದೆ ಇಟ್ಟರು. ಭಾವ ಒಳಗೆ ಹೋಗುವಾಗ ಪರದೆ ನೋಡಿ, "ಯಾರಪ್ಪಾ ಅದು ಬೋಳು ತಲೆಯವ್ರು, ಬಾಗಿಲಿಗೇ ಅಡ್ಡ ನಿಂತಿದ್ದಾರೆ, ಸರಿಯೋಕೆ ಹೇಳು" ಅಂದರಂತೆ. ಕಾವಲುಗಾರ ಪಾಪ, "ಸಾರ್, ಅದು ನೀವೇ" ಅಂದನಂತೆ. ಅಂದು ಸಂಜೆ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತರು. ಕೂದಲು ಕತ್ತರಿಸುವುದಕ್ಕಲ್ಲ.

"ಎಷ್ಟ್ ವರ್ಷದಿಂದ ನನ್ ಕಣ್ಣಿಗೆ ಮಣ್ಣೆರಚ್ತಾ ಇದೀಯಾ?" ಎಂದರು. ಐವತ್ತೇಳರ ಮನುಷ್ಯ, ಎರಡು ಅಂಗೈಯಲ್ಲಿ ನೆತ್ತಿ ಮುಚ್ಚಿಕೊಂಡು ಮಕ್ಕಳ ಹಾಗೆ ಕೂತಿದ್ದರು. ಆ ನಾಚಿಕೆಯಲ್ಲಿ, ಅವರದಲ್ಲ ನನ್ನ ನಾಚಿಕೆಯಲ್ಲಿ, ಕಪಾಟಿನಿಂದ ಡಬ್ಬಿಯೊಂದನ್ನು ತೆಗೆದು ಅವರ ಕೈಗಿಟ್ಟೆ. ಬೈಕಿನಲ್ಲಿ ಬರುವ ಮಾರಾಟಗಾರನೊಬ್ಬ ಅದನ್ನು ಹೊಸದಾಗಿ ತಂದುಕೊಟ್ಟಿದ್ದ. ಹಸಿರು ಲೇಬಲ್, ಎಲೆಯ ಚಿತ್ರ. "ಶುದ್ಧ ಗಿಡಮೂಲಿಕೆ. ಇದು ಔಷಧಿಯಲ್ಲ." ದಿನಕ್ಕೊಂದು.

"ಅಕ್ಕನಿಗೆ ಹೇಳ್ಬೇಡ. ಈ ವಯಸ್ಸಲ್ಲಿ ಶೋಕಿ ಅಂತಾಳೆ" ಎಂದರು ಭಾವ. ನಾನು ಮಾತು ಕೊಟ್ಟೆ.

ಅಧಿಕಾರಿಗಳೇ, ಇಲ್ಲಿಯವರೆಗೆ ಓದಿ ನಿಮಗೆ ನಗು ಬಂದಿರಬಹುದು. ನಿಮ್ಮ ಮೂರನೇ ಕೌಂಟರಿನ ಗುಮಾಸ್ತರಿಗೂ ಬಂದಿತ್ತು. "ಕೂದ್ಲಿಗೋಸ್ಕರ ಇಷ್ಟೊಂದು ಓಡಾಟಾನಾ?" ಅಂದಿದ್ದರು. ಬೇರೆ ಯಾವ ರೋಗಿಯನ್ನಾದರೂ ನೋಡಿ ಹೀಗೆ ಮುಖದೆದುರೇ ನಗಬಹುದೇ? ಸಂಬಂಧ ನೋಡಲು ಹೋಗುವ ಮುಂಚೆ ನನ್ನ ಕುರ್ಚಿಯಲ್ಲಿ ಕಣ್ಣೀರಿಟ್ಟ ಗಂಡಸರನ್ನು ನಾನು ಬಲ್ಲೆ. ಟೋಪಿ ತೆಗೆಯದೆಯೇ ಕತ್ತರಿಸು ಎಂದವನನ್ನು ಬಲ್ಲೆ. ಎಡಗಡೆಯ ಉದ್ದ ಕೂದಲನ್ನು ಬಲಗಿವಿಯವರೆಗೆ ಎಳೆದು ಅಂಟಿಸಿಕೊಂಡು, ಗಾಳಿ ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲುವ ಮೇಷ್ಟರನ್ನು ಬಲ್ಲೆ. ಇವರೆಲ್ಲ ಡಾಕ್ಟರ ಹತ್ತಿರ ಹೋಗಲು ನಾಚುತ್ತಾರೆ. ನನ್ನ ಹತ್ತಿರ ನಾಚುವುದಿಲ್ಲ, ಏಕೆಂದರೆ ನಾನು ಮೊದಲೇ ನೋಡಿಬಿಟ್ಟಿರುತ್ತೇನೆ. ಇದು ಆ ಮಾರಾಟಗಾರನಿಗೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲವೇ?

ಮೂವತ್ತೊಂದು ವರ್ಷದಲ್ಲಿ ನಾನು ಮಾರದ ಎಣ್ಣೆಯಿಲ್ಲ, ಹಚ್ಚದ ಲೇಪವಿಲ್ಲ. ದಿಂಬಿನ ಮೇಲಿನ ಕಲೆ ಬಿಟ್ಟರೆ ಅವುಗಳಿಂದ ಏನೂ ಬೆಳೆದದ್ದನ್ನು ನಾನು ಕಂಡಿಲ್ಲ. ಆದರೆ ಈ ಕ್ಯಾಪ್ಸೂಲು ಶುರುವಾದ ಐದನೇ ತಿಂಗಳಿಗೆ ಭಾವನ ನೆತ್ತಿಯಲ್ಲಿ ಸಣ್ಣ ಕೂದಲು ಕಾಣಿಸಿತು. ಎಂಟನೇ ತಿಂಗಳಿಗೆ ಬಾಚಣಿಗೆಗೆ ಸಿಗುವಷ್ಟಾಯಿತು. ಕನ್ನಡಿಯನ್ನು ನೆಟ್ಟಗೆ ಹಿಡಿದು ತೋರಿಸಿದೆ. ಇಬ್ಬರೂ ನಕ್ಕೆವು. ಅಕ್ಕ ಪ್ರತಿ ಭಾನುವಾರ ಅವರ ತಲೆಗೆ ಎಣ್ಣೆ ತಿಕ್ಕುತ್ತಾಳೆ. ಅದರಿಂದಲೇ ಬಂತು ಅಂತ ಅವಳ ನಂಬಿಕೆ. ಅಕ್ಕಪಕ್ಕದ ಹೆಂಗಸರಿಗೆಲ್ಲ ಎಣ್ಣೆಯ ಹೆಸರು ಹೇಳಿಕೊಟ್ಟಿದ್ದಾಳೆ. ನಾನು ಹೂಂಗುಟ್ಟಿದೆ. ಇದೇ ಸಂತೋಷದಲ್ಲಿ ಇನ್ನೂ ಹನ್ನೊಂದು ಗಿರಾಕಿಗಳಿಗೆ ಅದೇ ಡಬ್ಬಿ ಕೊಟ್ಟೆ.

ಹತ್ತನೇ ತಿಂಗಳಲ್ಲಿ, ನನ್ನ ಬಳಿ ಕಾಯಂ ಬರುವ ಚರ್ಮರೋಗದ ಡಾಕ್ಟರಿಗೆ ಕೊಚ್ಚಿಕೊಂಡೆ. ಕತ್ತಿನ ಸುತ್ತ ಬಟ್ಟೆ ಕಟ್ಟಿದ್ದರೂ ಅವರು ಕುರ್ಚಿಯಲ್ಲೇ ತಿರುಗಿದರು.

"ಗಿಡಮೂಲಿಕೆಯಿಂದ ಹೀಗೆ ಬರಲ್ಲ. ಡಬ್ಬಿ ತೋರ್ಸು."

ತೋರಿಸಿದೆ. ಓದಿದರು, ಮೂಸಿದರು, ತಲೆ ಅಲ್ಲಾಡಿಸಿದರು. "ನೋಡು, ಗಂಡಸರ ಕೂದಲು ಉದುರೋದಕ್ಕೆ ದಾರಿಗಳಿವೆ. ಹಚ್ಚೋ ಲೋಷನ್ ಇದೆ, ಮಿನಾಕ್ಸಿಡಿಲ್ ಅಂತ, ತಿಂಗಳುಗಟ್ಟಲೆ ಬಿಡದೆ ಹಚ್ಬೇಕು, ಬಿಟ್ರೆ ಬಂದದ್ದೂ ಹೋಗುತ್ತೆ. ನುಂಗೋ ಮಾತ್ರೆ ಇದೆ, ಫಿನಾಸ್ಟರೈಡ್. ಹಿಂದಿನ ಕೂದಲು ಕಿತ್ತು ಮುಂದೆ ನೆಡೋದಿದೆ. ಇಲ್ಲಾ, ಸುಮ್ನೆ ನುಣ್ಣಗೆ ಬೋಳಿಸ್ಕೊಂಡು ಆರಾಮಾಗಿರೋದಿದೆ. ಎಲ್ಲಾ ಮರ್ಯಾದೆಯ ದಾರಿಗಳೇ. ಆದ್ರೆ ಕೆಲವರು ಆ ನುಂಗೋ ಮಾತ್ರೇನ ಪುಡಿ ಮಾಡಿ ಗಿಡಮೂಲಿಕೆ ಜೊತೆ ಕಲಸಿಬಿಡ್ತಾರೆ. ನಿನ್ ಭಾವನಿಗೆ ವಯಸ್ಸೆಷ್ಟು?"

ಹೇಳಿದೆ. "ಪ್ರಾಸ್ಟೇಟ್ ಗ್ರಂಥಿಗೆ ರಕ್ತಪರೀಕ್ಷೆ ಮಾಡಿಸ್ತಾರಾ?" ಎಂದರು.

ಮಾಡಿಸುತ್ತಾರೆ. ವರ್ಷಕ್ಕೊಮ್ಮೆ ತಪ್ಪದೆ. ಭಾವನ ಅಪ್ಪ ಆ ಗ್ರಂಥಿಯ ಕ್ಯಾನ್ಸರಿನಲ್ಲೇ ತೀರಿಹೋದದ್ದು. ಡಾಕ್ಟರು ಹೇಳಿದ್ದನ್ನು ನಾನು ನಾಲ್ಕು ಸಲ ಕೇಳಿ ತಿಳಿದುಕೊಂಡೆ, ನೀವು ನನಗಿಂತ ಚೆನ್ನಾಗಿ ಬಲ್ಲಿರಿ: ಆ ಮಾತ್ರೆ ತಿಂಗಳುಗಟ್ಟಲೆ ನುಂಗಿದವರಲ್ಲಿ ಈ ಪರೀಕ್ಷೆಯ ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಾತ್ರೆಯ ವಿಷಯ ಗೊತ್ತಿದ್ದರೆ ಡಾಕ್ಟರು ಅಂಕಿಯನ್ನು ಎರಡರಿಂದ ಗುಣಿಸಿ ನೋಡುತ್ತಾರೆ. ಗೊತ್ತಿಲ್ಲದಿದ್ದರೆ ಚೆನ್ನಾಗಿದೆ ಎಂದು ಮನೆಗೆ ಕಳಿಸುತ್ತಾರೆ. ಭಾವನ ಅಂಕಿ ಹೋದ ವರ್ಷ ಮೂರು ಪಾಯಿಂಟ್ ಒಂಬತ್ತು ಇತ್ತು. ಈ ವರ್ಷ ಮೂರೂವರೆ. ಇಳಿದಿದೆ ಎಂದು ಸಿಹಿ ಹಂಚಿದ್ದರು. ಕ್ಯಾಪ್ಸೂಲಿನಲ್ಲಿ ಆ ಮಾತ್ರೆಯಿದ್ದರೆ ಅದು ಮೂರೂವರೆಯಲ್ಲ, ಏಳು. ನಾಲ್ಕು ದಾಟಿದರೇ ಅನುಮಾನ ಪಡಬೇಕಂತೆ.

ಆಸ್ಪತ್ರೆಯ ಫಾರಮ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ಭಾವ ತಮ್ಮ ದುಂಡನೆಯ ಅಕ್ಷರದಲ್ಲಿ "ಇಲ್ಲ" ಎಂದು ಬರೆದರು. ಸುಳ್ಳು ಬರೆಯಲಿಲ್ಲ. ಕ್ಷೌರದಂಗಡಿಯಲ್ಲಿ, ಪೌಡರು ಬ್ಲೇಡುಗಳ ಪಕ್ಕ ಸಿಕ್ಕದ್ದನ್ನು ಯಾರು ಔಷಧಿ ಅನ್ನುತ್ತಾರೆ? ಲೇಬಲ್ಲೇ ಅಲ್ಲ ಅನ್ನುತ್ತಿತ್ತಲ್ಲ.

"ಮಾತ್ರೆ ಕೆಟ್ಟದ್ದಲ್ಲ ಕಣಯ್ಯಾ, ಹೇಳದೆ ಕೊಟ್ಟದ್ದು ಕೆಟ್ಟದ್ದು" ಎಂದರು ಡಾಕ್ಟರು. ಅರ್ಧ ಕತ್ತರಿಸಿದ ತಲೆಯಲ್ಲೇ ಕೂತು ಭಾವನಿಗೆ ಚೀಟಿ ಬರೆದುಕೊಟ್ಟರು: ಕ್ಯಾಪ್ಸೂಲು ನಿಲ್ಲಿಸಿ, ಡಬ್ಬಿಯ ವಿಷಯ ಆಸ್ಪತ್ರೆಯಲ್ಲಿ ಹೇಳಿ, ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿ.

ನಾನು ಅಂಗಡಿ ಮುಚ್ಚಿ ಓಡಿದೆ. ಭಾವ ಚೀಟಿಯನ್ನು ಎರಡು ಸಲ ಓದಿ ಮಡಚಿಟ್ಟರು.

"ಡಬ್ಬಿ ಮೇಲೆ ಗಿಡಮೂಲಿಕೆ ಅಂತ ಅಚ್ಚಾಗಿದೆ. ರಿಪೋರ್ಟ್ ಮೇಲೆ ಮೂರೂವರೆ ಅಂತ ಅಚ್ಚಾಗಿದೆ. ಈ ಚೀಟೀಲಿ 'ಇರಬಹುದು' ಅಂತ ಇದೆ. ನಾನು ಯಾವುದನ್ನ ನಂಬ್ಲಿ?"

"ಭಾವ, ನನ್ ಕತ್ತರಿ ಹೇಳ್ತಾ ಇದೆ. ಎಲೆ ಬೇರಿಗೆಲ್ಲ ಕೂದ್ಲು ಬರಲ್ಲ. ಬಂದಿದೆ ಅಂದ್ರೆ ಒಳಗೇನೋ ಇದೆ."

"ನಿನ್ ಕತ್ತರಿಗೆ ಸೀಲಿದ್ಯಾ? ಸೀಲು ಹೊಡೆದ ಕಾಗದ ತಗೊಂಬಾ. ಮಾರನೇ ದಿನವೇ ಸ್ಕ್ಯಾನಿಗೆ ಬರ್ತೀನಿ."

ಇದನ್ನು ಮೊಂಡುತನ ಅಂದುಕೊಳ್ಳಬೇಡಿ. ಅವರಿಗೆ ಭಯ. ಅಪ್ಪನ ಕೊನೆಯ ಏಳು ತಿಂಗಳು ಮೂತ್ರದ ನಳಿಗೆ ಬದಲಿಸುತ್ತಾ ಪಕ್ಕದಲ್ಲಿ ಕೂತವರು ಅವರೇ. ಮೂರೂವರೆ ಎಂಬ ಆ ಅಂಕಿಯನ್ನು ಬಿಟ್ಟರೆ ಹಿಡಿದುಕೊಳ್ಳಲು ಅವರಿಗೆ ಬೇರೇನೂ ಇಲ್ಲ. ಮೊದಲೇ ಒಯ್ದಿಟ್ಟ ಡಬ್ಬಿಗಳಿರುವುದರಿಂದ ಕ್ಯಾಪ್ಸೂಲನ್ನೂ ಅವರು ನಿಲ್ಲಿಸಿಲ್ಲ. ಮೊದಲೆಲ್ಲ ನನ್ನ ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದ ಮನುಷ್ಯ ಈಗ ಕತ್ತರಿಸಿ ಮುಗಿಯುವುದರೊಳಗೆ ಮೂತ್ರಕ್ಕೆಂದು ಎರಡು ಸಲ ಏಳುತ್ತಾರೆ, ಸೊಂಟ ಹಿಡಿದುಕೊಳ್ಳುತ್ತಾರೆ. ಕಚೇರಿಯ ಕುರ್ಚಿ ಸರಿಯಿಲ್ಲ ಅನ್ನುತ್ತಾರೆ. ತಲೆಯಲ್ಲಿ ಮಾತ್ರ ಕೂದಲು ಹುಲುಸಾಗಿದೆ.

ಹೀಗಾಗಿ, ಅಧಿಕಾರಿಗಳೇ, ಸೀಲು ಒಡೆಯದ ಒಂದು ಡಬ್ಬಿಯನ್ನು ತಂದು ನಿಮ್ಮ ಕೌಂಟರಿನಲ್ಲಿ ಕೊಟ್ಟು, ಪರೀಕ್ಷಿಸಿ ಎಂದು ಬೇಡಿಕೊಂಡೆ. ಪರೀಕ್ಷಿಸಿದಿರಿ. ಅದಕ್ಕೆ ಋಣಿ. ಐದನೇ ವಾರಕ್ಕೇ ವರದಿ ಬಂತು ಎಂದು ನಿಮ್ಮ ಗುಮಾಸ್ತರೇ ಹೇಳಿದರು. ಆದರೆ ಉತ್ಪನ್ನದ ಸೂತ್ರ ಗೋಪ್ಯವಂತೆ. ಮೊದಲು ತಯಾರಕರಿಗೆ ಕಳಿಸಿ, ಅವರ ಸ್ವೀಕೃತಿ ಬರಬೇಕಂತೆ. ಬೈಕಿನ ಮಾರಾಟಗಾರ ಅಷ್ಟರಲ್ಲಿ ನಾಪತ್ತೆ; ಡಬ್ಬಿಯ ಮೇಲಿನ ವಿಳಾಸ ಹುಡುಕಿಕೊಂಡು ನಾನೇ ಹೋದೆ. ಅಲ್ಲೊಂದು ಹೊಲಿಗೆ ಅಂಗಡಿಯಿದೆ. ದರ್ಜಿ ಹಣೆ ಚಚ್ಚಿಕೊಂಡ: "ಆ ಲಕೋಟೆ ಮೂರ್ ಸಲ ಕಳ್ಸಿದ್ರು, ಮೂರ್ ಸಲನೂ ನಾನಲ್ಲ ಅಂತ ವಾಪಸ್ ಕಳ್ಸಿದೀನಿ. ಇನ್ನೊಂದ್ಸಲ ಬಂದ್ರೆ ಅದರ ಹಿಂದೆ ಪ್ಯಾಂಟಿನ ಅಳತೆ ಬರ್ಕೋತೀನಿ ಅಷ್ಟೆ." ಇಲ್ಲದ ಮನುಷ್ಯನ ಗುಟ್ಟನ್ನು ಇಷ್ಟು ನಿಷ್ಠೆಯಿಂದ ಕಾಯುವ ನಿಮ್ಮ ಕಚೇರಿ, ಇರುವ ಮನುಷ್ಯನ ಪ್ರಾಣಕ್ಕೆ ಒಂದು ಝೆರಾಕ್ಸ್ ಪ್ರತಿ ಕೊಡಲಾರದೇ?

ಆರನೇ ಸಲ ಬಂದಾಗ ನಿಮ್ಮ ಉಪ ಅಧಿಕಾರಿಗಳು ಒಳಗೆ ಕರೆದರು, ಕುರ್ಚಿ ಕೊಟ್ಟರು. ಒಳ್ಳೆಯವರು. "ನಿಮ್ ಕಷ್ಟ ಅರ್ಥ ಆಗುತ್ತೆ. ಆದ್ರೆ ದೂರುದಾರರಿಗೆ ವರದಿ ಕೊಡೋ ಹಾಗಿಲ್ಲ. ತಯಾರಕರಿಗೆ ಕೊಡಬಹುದು. ಇಲ್ಲಾ, ಪ್ರಕರಣ ದಾಖಲಾದ್ರೆ ಏಳು ದಿನದೊಳಗೆ ಆರೋಪಿಗೆ ಕೊಡಲೇಬೇಕು."

"ಆರೋಪಿ ಯಾರು?"

"ಸದ್ಯಕ್ಕೆ ಯಾರೂ ಇಲ್ಲ."

ಆ ಮಾತು ಕೇಳಿ ಮನೆಗೆ ಬಂದವನು ಮೂರು ದಿನ ಯೋಚಿಸಿದ್ದೇನೆ. ಹೀಗೆ ಬಹಿರಂಗವಾಗಿ ಬರೆಯುವುದು ಬೇಡ ಅನ್ನಿಸಿದ್ದು ಒಂದೇ ಕಾರಣಕ್ಕೆ, ಅದು ನನ್ನ ಅಕ್ಕ. ಅವಳು ಪತ್ರಿಕೆಯನ್ನು ಜಾಹೀರಾತು ಸಮೇತ ಓದುವವಳು; ಇದನ್ನೂ ಓದುತ್ತಾಳೆ. ಮೊನ್ನೆ ಭಾನುವಾರ ಅವರ ಮನೆಗೆ ಹೋದಾಗ ಭಾವನ ತಲೆಗೆ ಎಣ್ಣೆ ಹಾಕುತ್ತಾ, "ನೋಡೋ ತಮ್ಮಾ, ನಿನ್ ಭಾವ ಮತ್ತೆ ಮದುಮಗ ಆಗ್ತಿದ್ದಾರೆ" ಎಂದಳು. ಭಾವ ನನ್ನ ಮುಖ ನೋಡಲಿಲ್ಲ. ನಾನು ಕಾಫಿ ಲೋಟ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ಅತ್ತೆ. ಅಕ್ಕಾ, ಎಣ್ಣೆಯಿಂದ ಬಂದದ್ದಲ್ಲ. ನಾನು ಕೊಟ್ಟದ್ದು. ಅವರನ್ನು ಬೈಯಬೇಡ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗು. ನೀನು ಹೇಳಿದರೂ ಅವರು ಸೀಲು ಕೇಳುತ್ತಾರೆ ಅಂತ ನನಗೆ ಗೊತ್ತು, ಆದರೂ ಹೇಳು.

ವರದಿಯಲ್ಲಿ ಬರೀ ಹಿಟ್ಟು ಅಂತ ಬಂದಿದ್ದರೆ? ಬಂದಿರಲಿ! ನಾನು ತಿಳಿಗೇಡಿ, ಊರಿಗೆಲ್ಲ ಸುಮ್ಮನೆ ಗಾಬರಿ ಹುಟ್ಟಿಸಿದವನು ಎಂದು ನಿಮ್ಮ ಬಾಗಿಲಿಗೆ ಬೋರ್ಡು ಬರೆಸಿ ಹಾಕಿ. ಅದರ ಕೆಳಗೆ ನಿಂತು ಎಲ್ಲರಿಗೂ ಕೈ ಮುಗಿಯುತ್ತೇನೆ. ಅಂಥ ಅವಮಾನಕ್ಕಾಗಿ ನಾನು ದಿನಾ ಹಂಬಲಿಸುತ್ತಿದ್ದೇನೆ. ಆದರೆ ಉಳಿದ ಹನ್ನೊಂದು ಗಿರಾಕಿಗಳ ಪೈಕಿ ಏಳು ಜನರಿಗೂ ಕೂದಲು ಬಂದಿದೆ. ಎಲ್ಲರ ಮನೆಗೂ ಹೋಗಿ ನಿಲ್ಲಿಸಿ ಎಂದೆ. ಕೆಲವರು ಬೈದರು. ಒಬ್ಬ ನನ್ನ ಮಾತನ್ನು ಪೂರ್ತಿ ಕೇಳಿ, "ಇನ್ನೊಂದ್ ಡಬ್ಬಿ ಇದ್ರೆ ಕೊಡು" ಎಂದ.

ಆದ್ದರಿಂದ ನನ್ನ ಬೇಡಿಕೆ ಇದು. ಪರವಾನಗಿಯಿಲ್ಲದೆ, ಒಳಗೇನಿದೆಯೆಂದು ತಿಳಿಯದೆ, ತಿಳಿಯುವ ಗೋಜಿಗೂ ಹೋಗದೆ, ಹನ್ನೆರಡು ಮಂದಿಗೆ ಆ ಕ್ಯಾಪ್ಸೂಲು ಕೊಟ್ಟವನು ನಾನು. ತಯಾರಕ ಸಿಗುವವರೆಗೆ ಕಾಯಬೇಡಿ. ನನ್ನ ಮೇಲೆ ಪ್ರಕರಣ ದಾಖಲಿಸಿ. ಈ ಪತ್ರವನ್ನೇ ತಪ್ಪೊಪ್ಪಿಗೆ ಎಂದು ಇಟ್ಟುಕೊಳ್ಳಿ; ಸಾಕ್ಷಿ ಬೇಕಾದರೆ ನನ್ನ ಕಪಾಟಿನಲ್ಲಿ ಇನ್ನೂ ಮೂರು ಡಬ್ಬಿಗಳಿವೆ. ವಕೀಲರನ್ನು ಇಡುವುದಿಲ್ಲ, ಜಾಮೀನು ಕೇಳುವುದಿಲ್ಲ. ಆರೋಪಿಗೆ ಸಲ್ಲಬೇಕಾದ ಒಂದು ಪ್ರತಿಯನ್ನು ಮಾತ್ರ ಕೇಳುತ್ತೇನೆ, ಅದರ ಮೇಲೆ ಸೀಲು ಸರಿಯಾಗಿ ಬಿದ್ದಿರಲಿ. ಏಳು ದಿನ ಕಾಯಿಸಬೇಡಿ, ಭಾವನ ಬಳಿ ಎಷ್ಟು ದಿನವಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನೆಲ್ಲೂ ಓಡಿಹೋಗುವವನಲ್ಲ. ಬೆಳಗ್ಗೆ ಏಳಕ್ಕೆ ಅಂಗಡಿ ತೆರೆದಿರುತ್ತದೆ. ಬಂದು ಹಿಡಿದುಕೊಂಡು ಹೋಗಿ. ಬರುವಾಗ ಕಾಗದ ತನ್ನಿ.

ಇಂತಿ,
ಕೂದಲು ಬೆಳೆದದ್ದಕ್ಕೆ ಹೆದರಿ ಕೂತಿರುವ,
ನಿಮ್ಮ ಆರೋಪಿಯಾಗಲು ಅರ್ಜಿ ಹಾಕಿರುವ
ಒಬ್ಬ ಕ್ಷೌರಿಕ