ಚಿಂದಿ ಕಟ್ಟಿದ ದಾರಿ

ಮನೆ, ಹೊಲಿಗೆ ಕೋಣೆ
ಸೆಪ್ಟೆಂಬರ್ ೧೭, ಬುಧವಾರ

ಪ್ರೀತಿಯ ಅಣ್ಣಾ,

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ ಮೇಲೆ ತುರಿಕೆ ನಿಂತಿತೇ? ಚಿಕ್ಕಮ್ಮನ ಆರೈಕೆಯಲ್ಲಿ ನೀನು ಚೆನ್ನಾಗಿ ಉಬ್ಬಿದ್ದೀಯಂತೆ, ಅವಳೇ ಹೇಳಿದಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಕಾಗದವನ್ನಾದರೂ ಓದುತ್ತೀಯಲ್ಲ ಎಂದು ಬರೆಯುತ್ತಿದ್ದೇನೆ.

ಮೊದಲು ಬೈಸಿಕೊಳ್ಳುವ ಸುದ್ದಿ. 'ಈ ಕಾಲು ಇಟ್ಟುಕೊಂಡು ಇನ್ನು ನನ್ನಿಂದಾಗದು, ಬೆಟ್ಟದ ನಡಿಗೆ ನಿಂತಿತು ಅಂತ ಗುಂಪಿನವರಿಗೆ ಹೇಳಿಬಿಡು' ಎಂದು ಬರೆದಿದ್ದೆಯಲ್ಲ, ನಾನು ಹೇಳಲಿಲ್ಲ. ಭಾನುವಾರ ನಾನೇ ಅವರನ್ನು ಕರೆದುಕೊಂಡು ಹೋದೆ. ಹೌದು, ನಾನೇ, ಗುಂಡಿ-ದಾರದ ಅಂಗಡಿಗೆ ಹೋಗಲೂ ದಾರಿ ಕೇಳುವ ನಿನ್ನ ತಂಗಿ. ನಿನ್ನ ಬೆನ್ನ ಹಿಂದೆ ಇಷ್ಟು ವರ್ಷ ನಡೆದವಳಿಗೆ ದಾರಿ ಗೊತ್ತಿರುವುದಿಲ್ಲವೇ ಎಂಬ ಭಂಡ ಧೈರ್ಯ. ಆದರೂ ಇರಲಿ ಎಂದು, ಹೊಲಿದು ಉಳಿದ ಕೆಂಪು ಬಟ್ಟೆ ಚೂರುಗಳನ್ನು ಒಯ್ದು ದಾರಿಯುದ್ದಕ್ಕೂ ಪೊದೆಗಳಿಗೆ ಸಿಕ್ಕಿಸುತ್ತ ಹೋದೆ. ಮಂಜು ಬಂದರೆ ಅವುಗಳ ಗುರುತು ಹಿಡಿದು ವಾಪಸ್ ಬರಬಹುದಲ್ಲ.

ಮೇಲಿನ ಬಯಲನ್ನು ಈ ಸಲ ನೀನು ನೋಡಬೇಕಿತ್ತು. ಮರವೆಂಬುದಿಲ್ಲ, ಕಣ್ಣು ಹಾಯಿಸಿದಷ್ಟೂ ಹುಲ್ಲು, ನೇರಳೆ ಹೂವಿನ ಕುರುಚಲು ಗಿಡ, ಅಲ್ಲಲ್ಲಿ ಕಾಲು ಎಳೆಯುವ ಜೌಗು. ಊಟ ಮುಗಿಸಿ ಏಳುವಷ್ಟರಲ್ಲಿ ಮಂಜು ಇಳಿದು ಪಕ್ಕದವರ ಮುಖವೂ ಕಾಣದಾಯಿತು. 'ಹೆದರಬೇಡಿ, ಗುರುತು ಮಾಡಿದ್ದೀನಿ' ಎಂದು ಜಂಬದಿಂದ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದೆ. ಒಂದು ಪೊದೆಯಲ್ಲಿ ಕೆಂಪಿಲ್ಲ, ಇನ್ನೊಂದರಲ್ಲೂ ಇಲ್ಲ. ಆಗ ಸಾಲಿನ ಕೊನೆಯಲ್ಲಿದ್ದ ನಮ್ಮ ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರು ಮುಂದೆ ಬಂದು ಉಬ್ಬಿದ ಚೀಲ ತೋರಿಸಿದರು. 'ಯಾರೋ ದಾರಿ ತುಂಬಾ ಚಿಂದಿ ಎಸೆದಿದ್ರಮ್ಮ, ಒಂದೂ ಬಿಡದೆ ಆರಿಸಿಕೊಂಡು ಬಂದೆ' ಎಂದರು. ಕಸ ಕಂಡರೆ ಕೈ ಸುಮ್ಮನಿರದ ಮನುಷ್ಯ. ಅವರನ್ನು ಕೊನೆಗೆ ನಿಲ್ಲಿಸಿದವಳು ನಾನೇ, ಯಾರನ್ನು ಬೈಯಲಿ? ಯಾರಾದರೂ ಬಂಡೆಯಂಚಿನಿಂದ ಜಾರಿದರೆ ನಿನಗೆ ಹೇಗೆ ಮುಖ ತೋರಿಸಲಿ ಎನ್ನುವುದೊಂದೇ ಯೋಚನೆ.

'ಮಂಜಲ್ಲಿ ಕಣ್ಣು ನಂಬಬೇಡ, ಕಿವಿ ನಂಬು' ಎನ್ನುತ್ತಿದ್ದೆಯಲ್ಲ, ಅದೇ ಕೈಹಿಡಿಯಿತು. ಗುಂಪನ್ನು ಸುಮ್ಮನಿರಿಸುವುದೇ ದೊಡ್ಡ ಕೆಲಸವಾಯಿತು, ಅವರ ಬಾಯಿ ನಿನಗೆ ಗೊತ್ತಿಲ್ಲದ್ದೇ? ಕೊನೆಗೆ ಕೆಳಗಿನ ಕಾಡಿಗೆ ಇಳಿಯುವ ತೊರೆಯ ಸದ್ದು ಸಿಕ್ಕಿತು. ಒಬ್ಬರ ಚೀಲದ ಪಟ್ಟಿ ಇನ್ನೊಬ್ಬರು ಹಿಡಿದು, ನೀರಿನ ಸದ್ದು ಬಿಡದೆ, ಬಂಡೆಗಳ ಹತ್ತಿರ ಕೂತುಕೂತೇ ಇಳಿದೆವು. ಗುಂಪಿನ ದಂತವೈದ್ಯೆ ಮಾತ್ರ ಅರ್ಧದಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟಳು. 'ಸ್ವಲ್ಪವೇ ನೋವಾಗುತ್ತೆ, ಆಯ್ತು, ಮುಗಿದೇಹೋಯ್ತು' ಎಂದು ಅವಳದೇ ಮಾತು ಅವಳಿಗೆ ಹೇಳಿ ಇಳಿಸಿದೆ. ಕೆಳಗೆ ಬರುವ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತು, ಮುಂದೆಯೇ ಕಾಡು. ಅಣ್ಣಾ, ನನಗಾದ ಸಂತೋಷ ಹೇಳತೀರದು. ಮೂರು ದಿನವಾದರೂ ಮೆಷಿನ್ ತುಳಿಯುವ ಕಾಲು ಕುಣಿಯುತ್ತಲೇ ಇದೆ, ಯಾರದೋ ಅಂಗಿಗೆ ತೋಳನ್ನು ತಿರುಗುಮುರುಗಾಗಿ ಕೂರಿಸಿದ್ದೇನೆ.

ಕಾಡಿನೊಳಗೆ ಮಾತ್ರ ನಾನು ದಡ್ಡಿಯಾದೆ. ಇದು ಯಾವ ಮರ, ಕೂಗಿದ್ದು ಯಾವ ಹಕ್ಕಿ ಎಂದು ಎಲ್ಲರೂ ಕೇಳುವವರೇ, ನಾನು ಎಲ್ಲಕ್ಕೂ ಹೂಂ ಹೂಂ ಎಂದೆ. 'ಇಲ್ಲಿ ನಿಮ್ಮಣ್ಣ ಇರಬೇಕಿತ್ತು' ಎಂದರು ಇನ್‌ಸ್ಪೆಕ್ಟರು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಮೈಕೈ ಜೋಪಾನ.

ನಿನ್ನ ಮಾತು ಕೇಳದ
ತಂಗಿ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನ ಎಡಗಾಲಿನ ಮೂಳೆ ಚೂರು ಗಿಡ್ಡವಾಗಿ ಕೂಡಿದೆ, ಬಂಡೆ ಹತ್ತುವುದು ಬೇಡ, ಸಮತಟ್ಟಿನಲ್ಲಿ ಧಾರಾಳವಾಗಿ ನಡೆಯಲಿ ಎಂದರಂತೆ ಡಾಕ್ಟರು. ಕೊನೆಯ ಮಾತನ್ನು ನೀನು ನುಂಗಿಕೊಂಡಿದ್ದೀಯ, ಚಿಕ್ಕಮ್ಮ ಹೇಳಿದಳು. ಬಯಲು, ಬಂಡೆ ನನಗಿರಲಿ, ಕೆಳಗಿನ ಸಮತಟ್ಟು ಕಾಡು ನಿನಗೆ. ಗುಂಪಿನವರೆಲ್ಲ ಒಪ್ಪಿದ್ದಾರೆ. ನಿನ್ನ ಬೂಟಿನ ಎಡಗಾಲಿಗೆ ಇನ್ನೊಂದು ಅಟ್ಟೆ ಹಾಕಿಸಿ ಇದರ ಜೊತೆಗೇ ಪಾರ್ಸೆಲ್ ಮಾಡಿದ್ದೇನೆ. ಹಾಕಿಕೊಂಡು ಅಂಗಳದಲ್ಲಿ ನಡೆದು ನೋಡು. ಎತ್ತರ ಹೆಚ್ಚಾಗಿದ್ದರೆ ಹೇಳು, ಕೆತ್ತಿಸಿಕೊಡುತ್ತೇನೆ.