ಎರಡು ಗೆರೆ ಔಷಧಿ

ಚನ್ನಲಿಂಗ,

ಅವ್ವನ ನಾಡಿ ಬೆಳಗಿನಿಂದ ತಪ್ಪಿ ತಪ್ಪಿ ಹೊಡೆಯುತ್ತಿದೆ. ಗಾಡಿಯ ಕುಲುಕಾಟ ಅವಳಿಗೆ ಆಗದು, ಅದಕ್ಕೆ ಡಾಕ್ಟರನ್ನೇ ಕರೆತರಲು ಮಾಗಡಿಗೆ ಹೊರಟೆ. ಅವಳ ಔಷಧಿಯ ಸೀಸೆಯೂ ನನ್ನ ಜೊತೆಗಿದೆ.

ತಪ್ಪು ನನ್ನದೇ. ಎದೆಗೆಂದು ಅವರು ಕೊಟ್ಟ ಔಷಧಿ ಹೊತ್ತಿಗೆ ಸೀಸೆಗೆ ಅಂಟಿಸಿದ ಅಳತೆ ಕಾಗದದ ಒಂದು ಗೆರೆಯಷ್ಟೇ. ಅಷ್ಟಕ್ಕೇ ಕಾಲಿನ ಊತ ಇಳಿಯಿತು. ಎರಡು ಗೆರೆ ಕುಡಿಸಿದರೆ ಅವ್ವ ಎದ್ದು ಓಡಾಡುತ್ತಾಳೆಂದು ಲೆಕ್ಕ ಹಾಕಿ ಹಾಗೇ ಕುಡಿಸಿದ ಮಹಾಪಂಡಿತ ನಾನು. ಅದೂ ಸಾಲದೆ, ವರ್ಷದ ವಾಡಿಕೆಯಂತೆ ಮನೆಮಂದಿಗೆಲ್ಲ ಹರಳೆಣ್ಣೆ ಕುಡಿಸಿದ ದಿನ ಅವಳಿಗೂ ಕುಡಿಸಿದೆ. ಮೂರು ದಿನದಿಂದ ಭೇದಿ, ಊಟವಿಲ್ಲ. "ವಯಸ್ಸಾದವರು, ವಾಂತಿ ಭೇದಿ ಆದರೆ ಔಷಧಿ ನಿಲ್ಲಿಸಿ ಬಂದು ಹೇಳಿ" ಎಂದು ಡಾಕ್ಟರು ಹೇಳಿದಾಗ ಹೂಂ ಎಂದು ಅಲ್ಲಾಡಿದ್ದೂ ಇದೇ ತಲೆ.

ಅವಳನ್ನು ಏಳಲು ಬಿಡಬೇಡ. ತೆಳ್ಳನೆ ಗಂಜಿ ಗುಟುಕು ಗುಟುಕಾಗಿ ಕುಡಿಸು. ಪಕ್ಕದ ಮನೆ ಚಲುವಯ್ಯ ಬೇರು ಅರೆದು ತಂದರೆ ಬಾಗಿಲಿಂದಲೇ ಕಳಿಸು. ಈ ಮನೆಗೆ ನನ್ನಂಥ ವೈದ್ಯ ಒಬ್ಬ ಸಾಕು.

ದೀಪ ಹಚ್ಚುವ ಹೊತ್ತಿಗೆ ಔಷಧಿ ಕೇಳುತ್ತಾಳೆ. ಬೆಳಿಗ್ಗೆಯೂ ಎದೆ ಹಿಡಿದುಕೊಂಡೇ, "ಇನ್ನೊಂದ್ ಗೆರೆ ಕುಡ್ಸು ಕಣ್ಲಾ ಮಗ, ನೀನ್ ಕೊಟ್ರೆ ವಾಸಿ ಆಯ್ತದೆ" ಅಂದಳು. ನಿಜ ಮುಚ್ಚಿಟ್ಟು ಸೀಸೆ ಎತ್ತಿಕೊಂಡು ಹೊರಬಂದೆ. ನೀನು ಹೇಳು, ಅಣ್ಣ ತಪ್ಪು ಮಾಡಿದ ಅಂತ. ನಂಬುವುದಿಲ್ಲ, ನಿನ್ನನ್ನೇ ಬೈಯುತ್ತಾಳೆ. ಬೈಸಿಕೋ. ನಾನು ಬರುವವರೆಗೆ ಬೈಯುವಷ್ಟು ಉಸಿರು ಅವಳಲ್ಲಿ ಇದ್ದರೆ ಸಾಕು.

ಪರಮಶಿವಯ್ಯ